ಮೆಮೊರಿಯಿಂದ ಸೀದಾ ಬೀಗರ ಹೆಗಲಿಗೆ

"ಟಾವೆಲ್ಲಿನ ಚಿಂತಿ ಬಿಡ್ರಿ. ಅದನ್ನ ನಾ ನೋಡ್ಕೋತೀನಿ" ಎಂದು ನಾನು ಹೇಳಿದ ದಿನ ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವಾಗಿದ್ದರು. ಅಪ್ಪನ ಬಿಪಿ ಹತೋಟಿಯಲ್ಲಿತ್ತು. ಅವ್ವ ಹಾಡು ಗುನುಗುತ್ತ ಶೇಂಗಾ ಹುರಿಯುತ್ತಿದ್ದಳು. ಲಗ್ನ ಗೊತ್ತಾಗಿದ್ದ ಅಕ್ಕ ನನ್ನ ಜೊತೆ ಇನ್ನೂ ಮಾತಾಡುತ್ತಿದ್ದಳು. ಇಂಥ ಸುಖೀ ಕುಟುಂಬಕ್ಕೆ ನಾನು ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿ, ಸಹಾಯ ಮಾಡಲು ಹೋದೆ!

ಈಗ ಅದನ್ನು ನೆನೆಸಿಕೊಂಡರೆ ಮೈಯೆಲ್ಲ ದಣಿಯುತ್ತದೆ. ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ನೆಟ್ಟಗೆ ಕೂತು ಬರೆಯುವಷ್ಟು ಶಕ್ತಿ ಉಳಿದಿಲ್ಲ.

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಅಕ್ಕಲಕೋಟದ ಕಡೆ ಲಗ್ನದಲ್ಲಿ ಟಾವೆಲ್ಲಿಗೆ ಇರುವ ಬೆಲೆ ಮದುಮಗನಿಗೂ ಇಲ್ಲ. ಗಂಡಿನ ಕಡೆಯ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯಬೇಕು. ತಲೆಗೆ ಟೊಪ್ಪಿಗಿ ಇಡಬೇಕು, ಹೆಗಲಿಗೆ ಟಾವೆಲ್ ಹೊಚ್ಚಬೇಕು, ಕೈಗೆ ತೆಂಗಿನಕಾಯಿ ಕೊಡಬೇಕು. ಇದಕ್ಕೆ ಮಾನಪಾನ ಎನ್ನುತ್ತಾರೆ. ಸಾರಿನಲ್ಲಿ ಉಪ್ಪು ಹೆಚ್ಚಾದರೆ ಕ್ಷಮೆಯಿದೆ. ಬ್ಯಾಂಡಿನವರು ತಡವಾಗಿ ಬಂದರೆ ಕ್ಷಮೆಯಿದೆ. ಟಾವೆಲ್ಲಿನಲ್ಲಿ ಎಡವಟ್ಟಾದರೆ ಮಾತ್ರ ಮೊಮ್ಮಕ್ಕಳ ಕಾಲದವರೆಗೂ ನೆನಪಿಡುತ್ತಾರೆ.

ಇಷ್ಟಾಗಿಯೂ ಆ ಟಾವೆಲ್ಲಿನಿಂದ ಯಾರಾದರೂ ಮೈ ಒರೆಸಿಕೊಂಡದ್ದನ್ನು ನಾನು ಕಂಡಿಲ್ಲ. ಅದು ನೀರು ಹೀರುವುದೇ ಇಲ್ಲ. ಟ್ರಂಕಿನಲ್ಲಿ ಮಲಗಿರುತ್ತದೆ. ಮುಂದಿನ ಲಗ್ನ ಬಂದಾಗ ಎದ್ದು ಇನ್ನೊಬ್ಬರ ಹೆಗಲೇರುತ್ತದೆ. ಹೋದ ವರ್ಷ ದುಧನಿಯ ಒಂದು ಲಗ್ನದಲ್ಲಿ ಅಪ್ಪನಿಗೆ ಹೊಚ್ಚಿದ ಟಾವೆಲ್ಲಿನ ಮೂಲೆಯಲ್ಲಿ ಅವ್ವನ ಕೈಯಿಂದಲೇ ಹಿಂದೊಮ್ಮೆ ಬಿದ್ದಿದ್ದ ಅರಿಷಿಣದ ಕಲೆ ಹಾಗೇ ಇತ್ತು. ಅಪ್ಪ ಅದನ್ನು ಮನೆಗೆ ತಂದು ಮಂಚದ ಮೇಲೆ ಹರವಿ, ದೇಶಾಂತರ ಹೋಗಿ ಬಂದ ಮಗನನ್ನು ನೋಡಿದಂತೆ ನೋಡಿದ.

"ಇದು ನಮ್ದ ಐತಿ ನೋಡ. ಊರೆಲ್ಲಾ ತಿರಗಿ ಮತ್ತ ಮನಿಗಿ ಬಂತು."

"ನನಗಿಂತಾ ಹೆಚ್ಚ ಊರು ನೋಡೇತಿ ಅದು" ಎಂದಳು ಅವ್ವ.

ಆಗಲೇ ನನಗೆ ಆ ವಿಚಾರ ಹೊಳೆಯಿತು. ಪ್ರತಿಯೊಬ್ಬ ಬೀಗರ ಟಾವೆಲ್ಲಿನಲ್ಲಿ ಅವರವರ ಹೆಸರನ್ನೇ ನೇಯ್ದುಬಿಟ್ಟರೆ? ಎರಡೂ ತುದಿಗೆ, ದೊಡ್ಡ ಅಕ್ಷರದಲ್ಲಿ! ಮತ್ತೊಬ್ಬರಿಗೆ ದಾಟಿಸುವ ಮಾತೇ ಇಲ್ಲ. ಅವರವರ ಮಾನ ಅವರವರ ಮನೆಯಲ್ಲೇ ಉಳಿಯುತ್ತದೆ.

ಇದನ್ನು ಹೇಳುವ ಅಧಿಕಾರ ನನಗಿತ್ತು. ಸೋಲಾಪುರದಲ್ಲಿ ಹಳೆಯ ಮಗ್ಗಗಳಿಗೆ ಎಲೆಕ್ಟ್ರಾನಿಕ್ ಬೋರ್ಡು ಕೂಡಿಸಿಕೊಡುವ ಒಂದು ಸಣ್ಣ ಕಾರಖಾನೆಯಲ್ಲಿ ನಾನು ಕಂಪೈಲರ್ ಬರೆಯುತ್ತೇನೆ. ಡಿಸೈನ್ ಮಾಡುವವರು "ಇಲ್ಲಿ ನವಿಲು ಬರಲಿ, ಇಲ್ಲಿ ಹೆಸರು ಬರಲಿ" ಎಂದು ಬರೆದದ್ದನ್ನು ಬೋರ್ಡಿನ ಚಿಪ್ಪಿಗೆ ತಿಳಿಯುವ ಸಣ್ಣ ಸಣ್ಣ ಆಜ್ಞೆಗಳನ್ನಾಗಿ ಮಾಡುವ ದುಭಾಷಿಯೇ ಕಂಪೈಲರ್. ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಂಡು, ಬಜಾರದಲ್ಲಿ ಅದನ್ನೇ ಮರಾಠಿಯಲ್ಲಿ ಬೇರೆಯವರಿಗೆ ದಾಟಿಸುವ ನಮ್ಮ ಮಂದಿಗೆ ಇದು ತಿಳಿಯದ ವಿದ್ಯೆಯಲ್ಲ. ಆದರೂ ಯಾರು ಕೇಳಿದರೂ ಅವ್ವ, "ನಮ್ಮ ಸಂಗ್ಯಾ ಮಗ್ಗಾ ರಿಪೇರಿ ಮಾಡ್ತಾನ" ಎನ್ನುತ್ತಾಳೆ. ತಿದ್ದಿ ತಿದ್ದಿ ಸೋತೆ. ಈಗ ನಾನೂ ಹಾಗೇ ಹೇಳುತ್ತೇನೆ.

ನನಗೊಂದು ಚಟವಿದೆ. ಯಾರ ಜೊತೆ ತುಸು ಹೊತ್ತು ಮಾತಾಡಿದರೂ ಅವರ ದನಿ ನನ್ನ ಗಂಟಲಿಗೆ ಬಂದು ಕೂಡುತ್ತದೆ. ಕಾರಖಾನೆಯ ಶೇಟಜಿಯವರ ದನಿ ಮಾಡಿ ಕೆಲಸಗಾರರಿಗೆ ರಜೆ ಕೊಟ್ಟವನು ನಾನು. ಶೇಟಜಿಯವರದು ಪ್ರತಿ ಮಾತಿನ ಕೊನೆಗೂ ಒಂದು ನಿಟ್ಟುಸಿರು. ಟಾವೆಲ್ಲಿನ ವಿಚಾರ ಹೇಳಿದಾಗಲೂ ಬಿಟ್ಟರು.

"ಅರೇ ಬಾಬಾ... ಬಹಿಣೀಚಂ ಲಗ್ನ ಹಾಯ್, ಅಕ್ಕನ ಲಗ್ನ. ಮಗ್ಗ ಖಾಲಿ ಇದ್ದಾಗ ನೇಯ್ಕೋ. ಹಾಂಽಽ..."

"ಹಾಂಽಽ..." ಎಂದು ನಾನೂ ಬಿಟ್ಟೆ. ತಡೆಯಲಾಗಲಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು.

ಅಪ್ಪ ಮಾನದ ಕ್ರಮದಲ್ಲಿ ಹೆಸರು ಹೇಳಿದ, ನಾನು ಬರೆದುಕೊಂಡೆ. ಮಾತು ಕನ್ನಡ, ಅಕ್ಷರ ಮರಾಠಿ. ಬೀಗರೂ ಓದಿದ್ದು ಮರಾಠಿ ಸಾಲಿಯಲ್ಲೇ. ಮೊದಲು ಮದುಮಗನ ಅಪ್ಪ. ಆಮೇಲೆ ಮದುಮಗನ ಕಾಕಾ ಗುರುಪಾದಪ್ಪ. ಆಮೇಲೆ ಮದುಮಗನ ಸ್ವಾದರಮಾವ ಚನ್ನಬಸಪ್ಪ.

ಈ ಚನ್ನಬಸಪ್ಪ ಮಾಮಾ ತಡವಳದವರು. ಎತ್ತರದ ಆಳು, ದಪ್ಪ ದನಿ, ಪ್ರತಿ ವಾಕ್ಯದ ತುದಿಗೆ ಒಂದು "ಹ್ಞಾಂ?". ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹೊತ್ತಿಗೆ ಸ್ವಾದರಮಾವ ಮದುಮಗನ ಬೆನ್ನ ಹಿಂದೆ ನಿಲ್ಲಬೇಕು. ಅವರು ನಿಲ್ಲದಿದ್ದರೆ ಲಗ್ನ ಮಾಡಿಸುವ ಅಯ್ಯನವರು ಬಾಯಿ ತೆರೆಯುವುದಿಲ್ಲ, ಲಗ್ನವೂ ಆಗುವುದಿಲ್ಲ.

"ಗುರುಪಾದಪ್ಪಗ ಮತ್ತ ಈ ಮಾಮಾಗ ಮಾತಿಲ್ಲ" ಎಂದು ಅವ್ವ ನನಗೆ ಮೊದಲೇ ಹೇಳಿದ್ದಳು. "ಒಬ್ಬರು ಇದ್ದ ಕಟ್ಟಿ ಮ್ಯಾಲ ಇನ್ನೊಬ್ಬರು ಕುಂಡ್ರಂಗಿಲ್ಲ. ನಡುವ ಬಾಯಿ ಹಾಕಬ್ಯಾಡ."

"ಯಾಕಂತ ಮಾತಿಲ್ಲ?"

"ಅದನ್ನ ಕೇಳಬ್ಯಾಡ ಅಂತನ ಹೇಳಾಕತ್ತೀನಿ."

ಕೇಳಲಿಲ್ಲ. ಜೀವನದಲ್ಲಿ ಒಮ್ಮೆ ಅವ್ವನ ಮಾತು ಕೇಳಿದೆ, ಅದೇ ಮುಳುವಾಯಿತು.

ಮೊದಲ ತೊಡಕು ಬಂದದ್ದು ಜಾಗದ್ದು. ಬೋರ್ಡಿನ ಚಿಪ್ಪು ಹಳೆಯದು, ಅದರ ಹೊಟ್ಟೆ ಸಣ್ಣದು. ಬೀಗರ ಹೆಸರುಗಳೋ, ಒಂದೊಂದೂ ಮಾಲಗಾಡಿಯಷ್ಟು ಉದ್ದ. ಹೆಸರು ತುಂಬಿದರೆ ಕೋಡ್ ಹಿಡಿಸದು, ಕೋಡ್ ತುಂಬಿದರೆ ಹೆಸರು ಹಿಡಿಸದು.

"ಅಪ್ಪಾ, ಜಾಗಾ ಸಾಲವಲ್ದು. ಹೆಸರು ಜರಾ ಸಣ್ಣ ಮಾಡೋಣು. ಚನ್ನಬಸಪ್ಪ ಅನ್ನೂದ್ನ ಚನ್ನು ಅಂತ..."

ಅಪ್ಪ ಕನ್ನಡಕ ತೆಗೆದ. ಅವನು ಕನ್ನಡಕ ತೆಗೆದರೆ ಮಳೆಗಿಂತ ಮೊದಲಿನ ಗಾಳಿ ಬೀಸಿದಂತೆ.

"ಸ್ವಾದರಮಾವಗ ಚನ್ನು ಅಂತೀಯೇನು? ಅದರಕಿಂತಾ ಲಗ್ನಾ ಮುರೀತು ಅಂತ ಸೀದಾ ಫೋನ್ ಹಚ್ಚಿ ಹೇಳಿಬಿಡು. ಯಾರ ಹೆಸರಿನ್ಯಾಗಿನ ಅಪ್ಪನ್ನೂ ನೀ ತಗಿಯಾಂಗಿಲ್ಲ!"

ಹೀಗಾಗಿ ಅಪ್ಪಂದಿರು ಉಳಿದರು. ಕೋಡೇ ಸಣ್ಣದಾಗಬೇಕಾಯಿತು.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. ನಿಮಗೆ ಬೇಸರವಾದರೆ ಚಿಂತೆಯಿಲ್ಲ, ನನಗೂ ಆಗಿದೆ. ಮೆಮೊರಿ ಎಂದರೆ ಗೋಡೆಯಲ್ಲಿರುವ ಗೂಡುಗಳು ಎಂದು ತಿಳಿಯಿರಿ. ರಿಜಿಸ್ಟರ್ ಎಂದರೆ ಚಿಪ್ಪಿನ ಕೈ. ಸಾಧು ಸ್ವಭಾವದ ಕಂಪೈಲರ್ ಏನು ಮಾಡುತ್ತದೆ? ಮೊದಲು ಗೂಡಿನಿಂದ ಹೆಸರನ್ನು ಕೈಗೆ ತರುತ್ತದೆ. ಕೆಲಸ ಮುಗಿಯುವ ತನಕ ಕೈಯಲ್ಲೇ ಹಿಡಿದಿರುತ್ತದೆ. ನೇಯುವಾಗ ಕೈಯಲ್ಲಿದ್ದದ್ದನ್ನು ನೇಯುತ್ತದೆ. ತರುವುದಕ್ಕೊಂದು ಆಜ್ಞೆ, ಹಿಡಿದಿಡುವುದಕ್ಕೊಂದು ಆಜ್ಞೆ, ನೇಯುವುದಕ್ಕೊಂದು ಆಜ್ಞೆ. ಆದರೆ ನಮ್ಮ ಚಿಪ್ಪಿಗೆ ಇನ್ನೊಂದು ದಾರಿ ಗೊತ್ತು. ನೇಯುವ ಆಜ್ಞೆಯಲ್ಲೇ "ಇಂಥ ಗೂಡಿನಲ್ಲಿ ಇದ್ದದ್ದನ್ನು ತಗೋ" ಎಂದು ಬರೆದುಬಿಡಬಹುದು. ಇದಕ್ಕೆ ಮೆಮೊರಿ ಆಪರೆಂಡ್ ಎಂದು ಹೆಸರು. ತರುವ, ಹಿಡಿದಿಡುವ ರಗಳೆಯೇ ಇಲ್ಲ. ಬೇಕಾದಾಗ ಗೂಡಿಗೆ ಕೈ ಹಾಕು, ತಗೋ, ನೇಯಿ!

ನಾನು ಕಂಪೈಲರಿಗೆ ಈ ಜಾಣತನ ಕಲಿಸಿದೆ. ಎಲ್ಲೆಲ್ಲಿ ಕೈಗೆ ತರುವ ಆಜ್ಞೆಯಿತ್ತೋ ಅಲ್ಲೆಲ್ಲ ಕಿತ್ತು ಹಾಕಿದೆ. ಕೋಡ್ ಕುಗ್ಗಿತು. ಹೆಸರುಗಳೆಲ್ಲ ಅಪ್ಪಂದಿರ ಸಮೇತ ಒಳಗೆ ಹೋಗಿ ಕೂತವು. ಪುಸ್ತಕದಲ್ಲಿ ಇದರ ಜೊತೆಗೇ ಒಂದು ಎಚ್ಚರಿಕೆಯ ಮಾತಿದೆ. ನಾನು ಅದನ್ನು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ! ಆದರೆ ಪಾಸಾಗಲು ಬರೆದದ್ದನ್ನು ನೆನಪಿಡುವ ಪದ್ಧತಿ ನಮ್ಮಲ್ಲಿ ಎಲ್ಲಿದೆ?

ಪರೀಕ್ಷಿಸದೆ ಕೆಲಸ ಮಾಡುವವನು ನಾನಲ್ಲ. ಮಗ್ಗದ ಮೇಲೆ ಮೊದಲು ಕೆಲವು ಟಾವೆಲ್ ನೇಯ್ದು ನೋಡಿದೆ. ಯಾರ ಹೆಸರು ಹಾಕಲಿ ಎಂದು ಯೋಚಿಸಿದೆ. ಜಗತ್ತಿನಲ್ಲಿ ನನಗೆ ಅತಿ ಪ್ರಿಯವಾದ ಹೆಸರು ಒಂದೇ. ಪಟ್ಟಿಯ ತುಂಬ ಅದನ್ನೇ ಹಾಕಿ, ಮೊದಲಿನ ಕೆಲವನ್ನಷ್ಟೇ ನೇಯ್ದೆ. ಈ ತುದಿಗೆ ಸಂಗಮೇಶ, ಆ ತುದಿಗೆ ಸಂಗಮೇಶ. ಮುಂದಿನದಕ್ಕೂ ಸಂಗಮೇಶ, ಸಂಗಮೇಶ. ಒಂದು ಚುಕ್ಕೆ ತಪ್ಪಿಲ್ಲ! ಮಗ್ಗದ ಸದ್ದಿನ ನಡುವೆ ನಿಂತು ನನ್ನ ಹೆಸರನ್ನೇ ನೋಡುತ್ತ ನಾನು ಕಣ್ಣು ಒದ್ದೆ ಮಾಡಿಕೊಂಡೆ.

ಶೇಟಜಿ ಬಂದು ನೋಡಿದರು. "ಛಾನ್ ಆಗೇತಿ. ಆದ್ರ ಎಲ್ಲಾದಕ್ಕೂ ನಿಂದs ಹೆಸರು ಯಾಕೋ?"

"ಟೆಸ್ಟಿಂಗ್, ಶೇಟಜಿ."

"ಹಾಂಽಽ..." ಎಂದರು. ಆ ನಿಟ್ಟುಸಿರಿನಲ್ಲಿ ಏನೋ ಅರ್ಥವಿತ್ತೆಂದು ಈಗ ಅನಿಸುತ್ತದೆ.

ಆಮೇಲೆ ಬೀಗರ ಹೆಸರುಗಳನ್ನು ತುಂಬಿ ಮಗ್ಗ ಬಿಟ್ಟೆ. ನೇಯ್ದದ್ದನ್ನು ಹೆಸರು ಮೇಲೆ ಕಾಣುವಂತೆ ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಟ್ಟರು. ಮಡಚಿದ ಟಾವೆಲ್ಲಿಗೆ ಒಂದೇ ತುದಿ ಕಾಣುತ್ತದೆ. ಇನ್ನೊಂದು ತುದಿ ಒಳಗೆ ಮಲಗಿರುತ್ತದೆ. ಮಲಗಿದವರನ್ನು ನಾನು ಎಬ್ಬಿಸಲಿಲ್ಲ.

ಗಂಟು ಹೊತ್ತು ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ತಂದೆ. ಅಪ್ಪ ಒಂದೊಂದೇ ಚೀಲದ ಮೇಲೆ ಕೈಯಾಡಿಸಿ ಹೆಸರು ಓದಿದ. "ಗುರುಪಾದಪ್ಪ... ಚನ್ನಬಸಪ್ಪ... ಬರೋಬ್ಬರಿ ಅಪ್ಪಾ ಅಂತನ ಬಂದೈತಿ!" ನನ್ನ ಬೆನ್ನು ತಟ್ಟಿದ. ನಮ್ಮಪ್ಪ ನನ್ನ ಬೆನ್ನು ಮುಟ್ಟಿದ್ದು ತಟ್ಟಲಿಕ್ಕೆಂದು ಅದೇ ಮೊದಲು. ಹಿಂದಿನವೆಲ್ಲ ಬೇರೆ ಕಾರಣಕ್ಕೆ.

ಲಗ್ನದ ದಿನ. ಮಂಗಲ ಕಾರ್ಯಾಲಯ, ಅಂದರೆ ನಮ್ಮ ಕಡೆಯ ಕಲ್ಯಾಣಮಂಟಪ, ತುಂಬಿ ತುಳುಕುತ್ತಿತ್ತು. ಅಕ್ಕಿಕಾಳಿಗೆ ಸ್ವಲ್ಪ ಮೊದಲು ಮಾನಪಾನ ಶುರುವಾಯಿತು. ಮೈಕು ಯಾರ ಕೈಯಲ್ಲಿ? ನನ್ನ ಕೈಯಲ್ಲಿ!

"ಆಯಾ ಹಿರಿಯರ ನಾಮಾಂಕಿತ ಟಾವೆಲ್! ಸೋಲಾಪುರದ ವಿಶೇಷ ತಂತ್ರಜ್ಞಾನ!" ಎಂದು ಸಾರಿದೆ. ಮಂದಿ ಚಪ್ಪಾಳೆ ತಟ್ಟಿದರು.

ಮೊದಲು ಮದುಮಗನ ಅಪ್ಪ ಬಂದರು. ಟೊಪ್ಪಿಗಿ ಇಟ್ಟೆವು. ಅಪ್ಪ ಟಾವೆಲ್ ಬಿಚ್ಚಿ ಅವರ ಹೆಗಲಿಗೆ ಹೊಚ್ಚಿದ. ಎದೆಯ ಎರಡೂ ಕಡೆ ತುದಿಗಳು ಇಳಿದವು. ಎಡಕ್ಕೆ ಅವರ ಹೆಸರು, ಮುದ್ದಾಗಿ. ಬಲಕ್ಕೆ "ಗುರುಪಾದಪ್ಪ".

ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಅದೇ ಇತ್ತು.

ಅವರು ಓದಲಿಲ್ಲ. ಫೋಟೋದವನ ಕಡೆ ನೋಡುತ್ತಿದ್ದರು. ನಾನು ಮೈಕು ಬಾಯಿಯಿಂದ ದೂರ ಹಿಡಿದು, "ಅಪ್ಪಾ, ನಿಲ್ಲಸು" ಎಂದೆ. ಅಪ್ಪ ಅಷ್ಟರಲ್ಲಿ ಎರಡನೇ ಚೀಲ ಬಿಚ್ಚಿಯಾಗಿತ್ತು. ಗುರುಪಾದಪ್ಪ ಕಾಕಾ ಎದೆ ಉಬ್ಬಿಸಿ ನಿಂತಿದ್ದರು. ಟಾವೆಲ್ ಹೊಚ್ಚಿದೊಡನೆ ಎಡಕ್ಕೆ "ಗುರುಪಾದಪ್ಪ" ಇಳಿಯಿತು. ಬಲಕ್ಕೆ, ಕಾರ್ಯಾಲಯದ ಕೊನೆಯ ಸಾಲಿಗೂ ಕಾಣುವಷ್ಟು ದೊಡ್ಡದಾಗಿ, "ಚನ್ನಬಸಪ್ಪ"!

ನಾನು ಹಾರಿ ಹೋಗಿ ಆ ಬಲತುದಿಯನ್ನು ಹಿಡಿದು ಕಾಕಾರ ಕಂಕುಳಲ್ಲಿ ತುರುಕಿದೆ. ಅವರು ಕಿಸಕ್ಕನೆ ನಕ್ಕು ಹೊರಗೆ ಎಳೆದರು. ಮತ್ತೆ ತುರುಕಿದೆ. ಮತ್ತೆ ಎಳೆದರು.

"ಏನೋ ಇದು, ಲಗ್ನದಾಗ ಗುದಗುಲಿ ಮಾಡ್ತಿ?"

ಅಷ್ಟೂ ಹೊತ್ತು ಮೈಕು ಚಾಲೂ ಇತ್ತು.

ಸಭೆ ನಕ್ಕಿತು. ನಗದೆ ಉಳಿದವರು ಒಬ್ಬರೇ. ಮೊದಲ ಸಾಲಿನಲ್ಲಿ ಕೂತಿದ್ದ ಚನ್ನಬಸಪ್ಪ ಮಾಮಾ ಕಣ್ಣು ಕಿರಿದು ಮಾಡಿ, ತಮ್ಮ ಹೆಸರನ್ನು ತಮ್ಮ ಶತ್ರುವಿನ ಎದೆಯ ಮೇಲೆ ಒಂದೊಂದೇ ಅಕ್ಷರವಾಗಿ ಓದಿದರು. ಎದ್ದರು. ನಡುವಿನ ದಾರಿಯಲ್ಲಿ ನಡೆದು, ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತೋಳು ಕಟ್ಟಿಕೊಂಡರು.

"ನಾ ಮ್ಯಾಲ ಬರಂಗಿಲ್ಲ. ನನ್ನ ಹೆಸರಿಂದು ಅಂವ ಹೊಚ್ಕೊಂಡಾನ. ನನ್ನ ಬದ್ಲಿ ಅಂವನ ನಿಂದರ್ಲಿ. ಹ್ಞಾಂ?"

ಮೊದಲು ಬೀಗರು ಹೋಗಿ ಕರೆದರು. ಬರಲಿಲ್ಲ. ಬೀಗತಿ ಹೋಗಿ ಕಣ್ಣೀರು ಹಾಕಿದರು. ಬರಲಿಲ್ಲ. ಅಪ್ಪ ಹೋಗಿ ಕೈ ಮುಗಿದ. ಮಾಮಾ ಫ್ಯಾನ್ ನೋಡಿದರು. ಅಯ್ಯನವರು ಗಡಿಯಾರ ನೋಡಿದರು. ಮದುಮಗ ಬಾಸಿಂಗದೊಳಗಿಂದ ನನ್ನನ್ನು ನೋಡಿದ. ಒಳಗಿನ ಕೋಣೆಯ ಬಾಗಿಲು ಸ್ವಲ್ಪ ತೆರೆಯಿತು. ಅಕ್ಕ ಹಸಿರು ಬಳೆಯ ಕೈ ಹೊರಗೆ ಹಾಕಿ ನನ್ನ ಅಂಗಿ ಹಿಡಿದು ಎಳೆದಳು.

"ಸಂಗ್ಯಾ, ಮುಹೂರ್ತ ದಾಟೂದ್ರಾಗ ಮಾಮಾನ್ನ ಎಬ್ಬಸು. ಲಗ್ನಾ ನಿಂತ್ರ ನಾ ಎಲ್ಲಿಗೂ ಹೋಗಂಗಿಲ್ಲ. ಜಲ್ಮ ಪೂರ್ತಿ ನಿನ್ನ ಮನ್ಯಾಗ ಇದ್ದು ನಿನ್ನ ಜೀವಾ ತಿಂತೀನಿ."

ಹೇಳಿದ್ದು ತಮಾಷೆಯಾಗಿ. ಆದರೆ ಹಿಡಿದ ಅಂಗಿಯನ್ನು ಬಿಡಲಿಲ್ಲ. ನನ್ನ ಟಾವೆಲ್ಲಿನ ಜಾಣತನಕ್ಕೆ ಅವಳ ಲಗ್ನ ನಿಲ್ಲುವುದೆಂದರೆ ತಮಾಷೆಯಲ್ಲ ಎಂದು ನನಗೂ ಆಗ ಹೊಳೆಯಿತು.

ಹೋದೆ. ಮಾಮಾರ ಮುಂದೆ ಮೊಣಕಾಲೂರಿದೆ. ಹಿಂದೆ ಬೀಗರ ದೊಡ್ಡ ಗುಂಪು. ಗಾಬರಿಯಾದಾಗ ನನ್ನ ಚಟ ಇನ್ನೂ ಜೋರಾಗುತ್ತದೆ. ಎದುರಿನವರ ದನಿ ಕೇಳದೆಯೇ ಬಂದು ಕೂಡುತ್ತದೆ.

"ಮಾಮಾ, ನಂದ ತಪ್ಪಾತ್ರಿ. ಹ್ಞಾಂ?"

ಬಾಯಿಂದ ಬಿದ್ದದ್ದು ಅವರದೇ ದಪ್ಪ ದನಿ! ತುದಿಯ "ಹ್ಞಾಂ" ಸಮೇತ! ಗುಂಪಿನಲ್ಲಿ ಯಾರೋ ಕೆಮ್ಮಿದಂತೆ ಮಾಡಿ ನಕ್ಕರು.

"ನನ್ನ ಅಣಗಸ್ತಿಯೇನು? ಹ್ಞಾಂ?"

"ಇಲ್ರಿ ಮಾಮಾ! ಹ್ಞಾಂ?"

ಅಪ್ಪ ಹಿಂದಿನಿಂದ ನನ್ನ ತಲೆಗೆ ಒಂದು ಕೊಟ್ಟ. ದನಿ ಜಾಗಕ್ಕೆ ಬಂತು.

"ಯಾರ ಹೇಳಿದ್ರು ನನ್ನ ಹೆಸರು ಅವನ ಟಾವೆಲ್ಲಿನ್ಯಾಗ ಹಾಕ ಅಂತ? ಖರೇ ಹೇಳು."

"ಯಾರೂ ಹೇಳಿಲ್ರಿ. ಚಿಪ್ಪು ಮಾಡೇತ್ರಿ. ಅದು ಮೆಮೊರಿ ಆಪರೆಂಡ್ ಅಂತ ಇರ್ತೈತ್ರಿ..."

"ಅಪರಾಧ ಯಾವ್ದರ ಇರ್ಲಿ, ಮಾಡಿದಂವ ನೀ ಹೌದಲ್ಲೋ?"

"ಹೌದ್ರಿ. ಗೂಡಿನ್ಯಾಗಿಂದು ಕೈಯಾಗ ಹಿಡೀದೆ..."

"ಯಾವ ಗೂಡು?"

ನನಗೆ ಸಾಕಾಗಿಹೋಯಿತು. ಮೊಣಕಾಲು ನೋಯುತ್ತಿತ್ತು. ಇವರಿಗೆ ಹೇಗೆ ತಿಳಿಸಲಿ? ದಿನವೂ ಕಾಣುವ ಉದಾಹರಣೆ ಬೇಕು. ಎದುರಿಗೆ ಟಾವೆಲ್ ಇದೆ, ಬಂದದ್ದು ಎಸ್‌ಟಿಯಲ್ಲಿ. ತಟ್ಟನೆ ಹೊಳೆಯಿತು. ಇಂಥ ಸುಲಭ ಉದಾಹರಣೆ ಯಾವ ಪ್ರೊಫೆಸರನಿಗೂ ಹೊಳೆದಿರಲಿಕ್ಕಿಲ್ಲ ಎಂದು ಆ ಸ್ಥಿತಿಯಲ್ಲೂ ಒಂದು ಗಳಿಗೆ ಹೆಮ್ಮೆಯಾಯಿತು.

"ಮಾಮಾ, ಹಿಂಗ್ ತಿಳಕೋರಿ. ಅಕ್ಕಲಕೋಟ ಸ್ಟ್ಯಾಂಡಿಗಿ ತಡವಳ ಗಾಡಿ ಬಂತು. ಭಾಳ ಗದ್ದಲ. ನೀವು ಹೊರಗ ನಿಂತು ಖಿಡಕಿಯೊಳಗಿಂದ ಸೀಟಿನ ಮ್ಯಾಲ ನಿಮ್ಮ ಟಾವೆಲ್ ಒಗದ್ರಿ. ಸೀಟು ನಿಮ್ದಾತು. ಹೌದಲ್ರಿ?"

ಮಾಮಾ ಕಟ್ಟಿದ್ದ ತೋಳು ಬಿಚ್ಚಿದರು. ನಾಟುತ್ತಿದೆ ಎಂದುಕೊಂಡೆ.

"ನೀವು ಹಿಂದಿನ ಬಾಗಲಾ ಹಿಡಿದು, ಮಂದಿ ನೂಕಿ ಒಳಗ ಬರೂದ್ರಾಗ ಹೊತ್ತಾತು. ಅಷ್ಟ್ರಾಗ ಇನ್ನೊಬ್ಬಂವ ನಿಮ್ಮ ಟಾವೆಲ್ ಸರಿಸಿ ತನ್ನ ಟಾವೆಲ್ ಹಾಕಿ ಕುಂತಬಿಟ್ಟ! ನೀವು ಬಂದು ನೋಡ್ತೀರಿ, ನಿಮ್ಮ ಜಾಗಾದಾಗ ಮತ್ತೊಬ್ಬಂವ! ಹಂಗs ಆತ್ರಿ ಇದು. ಅರ್ಧ ಟಾವೆಲ್ ನೇಯೂದ್ರಾಗ ಮಗ್ಗ ಆ ಗೂಡಿನ್ಯಾಗ ಮುಂದಿನವರ ಹೆಸರು ತಂದ ಇಟ್ಟಿತ್ತು. ಇನ್ನೊಂದ ತುದಿಗಿ ಬಂದು ಗೂಡಿನ್ಯಾಗ ಕೈ ಹಾಕಿದ್ರ ಇದ್ದಂವ ಬ್ಯಾರೆ! ಮೊದ್ಲs ಕೈಯಾಗ ಹಿಡಕೊಂಡಿದ್ರ ಈ ರಗಳಿ ಇರತಿದ್ದಿಲ್ಲ."

ಹೇಳಿ ಮುಗಿಸಿ ತಲೆಯೆತ್ತಿದೆ. ಗುಂಪಿನಲ್ಲಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಬೀಗರು ಮೆಲ್ಲಗೆ ಹಣೆ ಹಿಡಿದುಕೊಂಡರು. ಮಾಮಾರ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತ್ತು.

"ಇದನ್ನ ನಿನಗ ಯಾರ ಹೇಳಿದ್ರು?"

"ಏನ್ರಿ?"

"ಆ ಎಸ್‌ಟಿ ಗಾಡಿಂದು. ನನ್ನ ಟಾವೆಲ್ಲಿಂದು. ಯಾರ ಹೇಳಿದ್ರು?"

ನನಗೆ ಇನ್ನೂ ಬೆಳಕು ಬಿದ್ದಿರಲಿಲ್ಲ. ಗೂಡಿನ ವಿಚಾರ ಕೇಳುತ್ತಿದ್ದಾರೆ ಎಂದುಕೊಂಡೆ. "ಯಾರ ಯಾಕ ಹೇಳಬೇಕ್ರಿ? ಪುಸ್ತಕದಾಗ ಐತ್ರಿ. ಕಾಲೇಜಿನ್ಯಾಗ ಕಲಸ್ತಾರ."

"ಪುಸ್ತಕದಾಗ ಬಂದೈತಿ?" ಮಾಮಾ ಸುತ್ತಲೂ ನೋಡಿದರು. ದನಿ ಕಾರ್ಯಾಲಯದ ಪತ್ರಾಸಿನ ಚಾವಣಿಗೆ ಬಡಿಯಿತು. "ಕೇಳಿದ್ರೇನು? ಅಂವ ನನ್ನ ಸೀಟು ಹೊಡಿದದ್ದು ಪುಸ್ತಕದಾಗ ಬಂದೈತಂತ! ಸೋಲಾಪುರದ ಕಾಲೇಜಿನ್ಯಾಗ ಕಲಸಾಕತ್ತಾರಂತ!"

ಆಗ ತಿಳಿಯಿತು. ಅವರಿಬ್ಬರ ಮಾತು ನಿಂತದ್ದು ಹೊಲದ ಬದುವಿಗಲ್ಲ, ಮನೆಯ ಗೋಡೆಗಲ್ಲ. ತಡವಳ ಗಾಡಿಯ ಖಿಡಕಿ ಸೀಟಿಗೆ! ಒಗೆದ ಟಾವೆಲ್ ಚನ್ನಬಸಪ್ಪ ಮಾಮಾರದು, ಬಂದು ಕೂತವರು ಗುರುಪಾದಪ್ಪ ಕಾಕಾ. ಊರಿಗೆಲ್ಲ ಗೊತ್ತಿದ್ದು ಯಾರೂ ಬಾಯಿ ಬಿಡದ ಆ ವಿಷಯವನ್ನು, ಅಷ್ಟೂ ಬೀಗರ ಮುಂದೆ, ಉದಾಹರಣೆ ಸಹಿತ ವಿವರಿಸಿದವನು ನಾನೊಬ್ಬನೇ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನನ್ನ ಉಳಿದ ಆಯುಷ್ಯವನ್ನು ಅಕ್ಕನ ಜೊತೆ ಕಳೆಯುವ ಚಿತ್ರ ಕಣ್ಣಮುಂದೆ ಬಂತು.

ಅಷ್ಟರಲ್ಲಿ ಮಂಟಪದ ಮೇಲಿನಿಂದ ಒಂದು ಕೀರಲು ದನಿ ಬಂತು.

"ಸರಸಿದ್ದಿಲ್ಲ! ಟಾವೆಲ್ ಜಾರಿ ಕೆಳಗ ಬಿದ್ದಿತ್ತು!"

ಗುರುಪಾದಪ್ಪ ಕಾಕಾ! ಮದುಮಗನ ಪಕ್ಕದಲ್ಲಿ ನಿಂತು, ಎರಡು ಹೆಸರಿನ ಟಾವೆಲ್ ಹೊಚ್ಚಿಕೊಂಡು, ಅಷ್ಟು ವರ್ಷ ಆಡದ ಮಾತನ್ನು ಒಂದೇ ಉಸಿರಿಗೆ ಒದರಿದ್ದರು.

ಮಾಮಾ ಕುರ್ಚಿಯಿಂದ ಎದ್ದರು. ಬೀಗರು, ಬೀಗತಿ, ನಮ್ಮಪ್ಪ ಎಲ್ಲರೂ ಸೇರಿ ಎಬ್ಬಿಸಲಾಗದ ಆ ಎತ್ತರದ ಆಳು ತಾವಾಗಿಯೇ ಎದ್ದರು!

"ಏನಂದಿ? ಜಾರಿ ಬಿತ್ತು? ತಾನs ಜಾರಿ ಬಿತ್ತು?"

"ಹೌದು! ಬೇಕಾದ್ರ ಕಂಡಕ್ಟರಗ ಕೇಳು!"

"ಯಾವ ಕಂಡಕ್ಟರ? ಅಂವ ರಿಟೈರ್ ಆಗಿ ಹೋಗ್ಯಾನ!"

"ಅದಕ್ಕ ನಾ ಏನ ಮಾಡ್ಲಿ? ಅಂವ ಇದ್ದಾಗ ನೀ ಯಾಕ ಕೇಳಲಿಲ್ಲ?"

ಮಾಮಾ ಧಡಧಡ ಎಂದು ನಡುವಿನ ದಾರಿ ಹಿಡಿದರು. ಮಂದಿ ಎರಡೂ ಕಡೆ ಸರಿದು ದಾರಿ ಬಿಟ್ಟರು. ಮೆಟ್ಟಿಲು ಹತ್ತಿದರು. ಕಾಕಾ ಹಿಂದಕ್ಕೆ ಸರಿದು ಮದುಮಗನ ಆ ಬದಿಗೆ ಹೋದರು. ಮಾಮಾ ಈ ಬದಿಗೆ ಬಂದರು. ಈಗ ಮಾಮಾ ನಿಂತ ಜಾಗ ಸರಿಯಾಗಿ ಮದುಮಗನ ಬೆನ್ನ ಹಿಂದೆ!

ಇದನ್ನು ಮೊದಲು ಕಂಡವಳು ಅವ್ವ. ಅವಳು ಅಯ್ಯನವರಿಗೆ ಕಣ್ಸನ್ನೆ ಮಾಡಿದಳು. ಅಯ್ಯನವರು ಗಡಿಯಾರ ನೋಡಲಿಲ್ಲ, ಮಾಮಾರನ್ನೂ ಕೇಳಲಿಲ್ಲ. ಹೆಂಗಸರು ಅಕ್ಕನನ್ನು ಅರೆ ಓಟದಲ್ಲಿ ತಂದು ನಿಲ್ಲಿಸಿದರು, ಅಂತರಪಟ ಹಿಡಿದರು, ಮಂಗಲಾಷ್ಟಕ ಶುರುವಾಯಿತು. ಯಾರೋ ಮಾಮಾರ ಮುಷ್ಟಿಗೂ ಕಾಕಾರ ಮುಷ್ಟಿಗೂ ಅಕ್ಕಿಕಾಳು ತುರುಕಿದರು.

"...ಸಾವಧಾನ!" ಎಂದರು ಅಯ್ಯನವರು.

"ಖಿಡಕಿ ಸೀಟು ಯಾರ್ದು ಅಂತ ಹೇಳು ಮೊದ್ಲ!" ಎಂದು ಮಾಮಾ ಅಕ್ಕಿಕಾಳು ಎಸೆದರು. ವಧೂವರರ ಕಡೆಗಲ್ಲ, ಕಾಕಾರ ಕಡೆಗೆ.

"ಯಾರ ಕುಂತಾರೋ ಅವರ್ದು!" ಎಂದು ಕಾಕಾ ತಿರುಗಿ ಎಸೆದರು.

ಮದುಮಕ್ಕಳು ನಡುವೆ ನಿಂತಿದ್ದರಿಂದ ಎರಡೂ ಕಡೆಯ ಅಕ್ಕಿಕಾಳು ಅವರ ತಲೆಯ ಮೇಲೇ ಬಿತ್ತು. ಇಷ್ಟು ಆವೇಶದ ಅಕ್ಷತೆಯನ್ನು ಅಕ್ಕಲಕೋಟದಲ್ಲಿ ಯಾವ ಜೋಡಿಯೂ ಪಡೆದಿರಲಿಕ್ಕಿಲ್ಲ. ಬ್ಯಾಂಡು ಬಾರಿಸಿತು. ಅಂತರಪಟ ಸರಿಯಿತು. ಅಕ್ಕ ಮಾಲೆ ಹಾಕಿದಳು. ಲಗ್ನ ಆಯಿತು!

ನಾನು ಬಾಗಿಲ ಹತ್ತಿರ, ಮಾಮಾ ಬಿಟ್ಟುಹೋದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು ಕೂತೆ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮುಂದೂಡಿದೆ.

ಊಟದ ಪಂಕ್ತಿಯಲ್ಲಿ ಅವರಿಬ್ಬರೂ ಅಕ್ಕಪಕ್ಕ ಕೂತಿದ್ದರು. ಬೇರೆ ಬೇರೆ ಕೂತರೆ ಜಗಳ ಮುಂದುವರಿಸಲು ಅನುಕೂಲವಿರಲಿಲ್ಲ. ಹೋಳಿಗೆ ಬರುವಷ್ಟರಲ್ಲಿ ಟಾವೆಲ್ ಜಾರಿತೋ ಸರಿಸಿದರೋ ಎಂಬುದು ಅರ್ಧಂಬರ್ಧ ತೀರ್ಮಾನಕ್ಕೆ ಬಂದಿತ್ತು. ತುಪ್ಪ ಬರುವಷ್ಟರಲ್ಲಿ ತಪ್ಪೆಲ್ಲ ಆ ಕಂಡಕ್ಟರನದು ಎಂದಾಗಿತ್ತು. ಕಂಡಕ್ಟರ ಎದುರಿಗಿರಲಿಲ್ಲ. ಹೀಗಾಗಿ ಬೈಯಲು ಎದುರಿಗಿದ್ದ ಒಬ್ಬ ಬೇಕಾಯಿತು. ನಾನು ಅನ್ನದ ಬಕೀಟು ಹಿಡಿದು ಅದೇ ಸಾಲಿನಲ್ಲಿ ಬರುತ್ತಿದ್ದೆ.

"ಏ ಪುಸ್ತಕಾ, ಇಲ್ಲಿ ಬಾ" ಎಂದರು ಮಾಮಾ. "ನಿನಗೂ ಒಂದ ಟಾವೆಲ್ ನೇಯ್ಕೊಂಡಿಯಂತಲ್ಲ? ತೋರಸು."

ಹೌದು. ಮದುಮಗಳ ತಮ್ಮನೆಂದು ಅಪ್ಪ ನನ್ನ ಹೆಸರನ್ನು ಎಲ್ಲರಿಗಿಂತ ಕೊನೆಗೆ ಹೇಳಿದ್ದ. ಸೊಂಟಕ್ಕೆ ಸುತ್ತಿಕೊಂಡಿದ್ದೆ. ಬಿಚ್ಚಿ ಕೊಟ್ಟೆ. ನಾನೂ ಅದನ್ನು ಪೂರ್ತಿ ಹರವಿ ನೋಡಿದ್ದು ಆಗಲೇ. ಒಂದು ತುದಿಗೆ "ಸಂಗಮೇಶ" ಎಂದಿತ್ತು. ನನ್ನ ನಂತರ ಬೇರೆ ಯಾರ ಹೆಸರೂ ಇರಲಿಲ್ಲ. ಹೆಸರುಗಳು ಮುಗಿದ ಮೇಲಿನ ಗೂಡಿನಲ್ಲಿ ಏನು ಕಸ ಬಿದ್ದಿತ್ತೋ, ಮಗ್ಗ ಅದನ್ನೇ ಶ್ರದ್ಧೆಯಿಂದ ನೇಯ್ದಿತ್ತು. ಇನ್ನೊಂದು ತುದಿಯಲ್ಲಿ ಕೋಳಿ ಕೆದರಿದಂತೆ ನಾಲ್ಕು ಗೀರು, ಒಂದಿಷ್ಟು ಚುಕ್ಕೆ. ಅಕ್ಷರ ಇಲ್ಲ, ಅರ್ಥ ಇಲ್ಲ.

ಮಾಮಾ ಕನ್ನಡಕ ಹಾಕಿಕೊಂಡು ಈ ತುದಿ ನೋಡಿದರು. ಆ ತುದಿ ನೋಡಿದರು. ಆಮೇಲೆ ಟಾವೆಲ್ಲನ್ನು ಗುರುಪಾದಪ್ಪ ಕಾಕಾರ ಮುಂದೆ ಹಿಡಿದರು. ಕಾಕಾರೂ ಹೋಳಿಗೆ ಬಿಟ್ಟು ಬಗ್ಗಿ ನೋಡಿದರು.

"ಇದೊಂದ ಬರೋಬ್ಬರಿ ಬಂದೈತಿ ನೋಡು" ಎಂದರು ಮಾಮಾ. "ಈ ಕಡಿ ಹೆಸರು, ಆ ಕಡಿ ಗುಣಾ."

"ಖರೇ ಐತಿ" ಎಂದರು ಕಾಕಾ.

ಆ ದಿನ ಅವರಿಬ್ಬರೂ ತಕರಾರಿಲ್ಲದೆ ಒಪ್ಪಿದ ಮಾತು ಅದೊಂದೇ. ನಾನು ಟಾವೆಲ್ ಇಸಿದುಕೊಂಡು ಗೀರಿನ ತುದಿ ಮೇಲೆ ಬರುವಂತೆ ಸೊಂಟಕ್ಕೆ ಸುತ್ತಿ, ಅನ್ನದ ಬಕೀಟು ಎತ್ತಿಕೊಂಡು ಮುಂದಿನವರಿಗೆ ಬಡಿಸಲು ಹೋದೆ.